ಮಾರದ ಹಾಲು

ಹೇಳಿದ ಮಾತನ್ನು ಜನ ಕೇಳುವುದಿಲ್ಲ ಎಂದು ದೂರುವವರು ನಮ್ಮ ಇಲಾಖೆಯಲ್ಲಿ ಬಹಳ ಮಂದಿ ಇದ್ದಾರೆ. ನನಗೂ ಆ ದೂರು ಇತ್ತು. ಆದರೆ ಹೇಳಿದ ಮಾತನ್ನು ಒಬ್ಬರು ಒಂದಕ್ಷರವೂ ಮೀರದಂತೆ ಪಾಲಿಸಿಬಿಟ್ಟರೆ ಎಂಥ ಪೇಚಿಗೆ ಸಿಕ್ಕಿಕೊಳ್ಳಬೇಕಾಗುತ್ತದೆ ಎಂಬುದು ಕಳೆದ ಮಳೆಗಾಲದಲ್ಲಿ ತಿಳಿಯಿತು. ಅಂದಿನಿಂದ ನನ್ನ ಮಾತು ಮುಗಿಯುವ ಮೊದಲೇ "ಹೂಂನ್ರಿ" ಎನ್ನುವವರನ್ನು ಕಂಡರೆ ನನಗೆ ಸ್ವಲ್ಪ ಅಂಜಿಕೆ. ತಕರಾರು ತೆಗೆಯುವವರೇ ವಾಸಿ, ಅವರಿಗೆ ಏನು ಅರ್ಥವಾಗಿಲ್ಲ ಎಂಬುದಾದರೂ ತಿಳಿಯುತ್ತದೆ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಗೆ ತಾಗಿದ ಒಂದು ಊರಿನ ಪಶು ಆಸ್ಪತ್ರೆಯಲ್ಲಿ ನನ್ನ ನೌಕರಿ. ಎರಡು ವರ್ಷದ ಡಿಪ್ಲೊಮಾ ಓದಿ ಬಂದವನು. ನಮ್ಮ ಡಾಕ್ಟರಿಗೆ ವಡಗೇರಾ ಕಡೆಯ ಇನ್ನೊಂದು ಆಸ್ಪತ್ರೆಯ ಹೊಣೆಯೂ ಇರುವುದರಿಂದ ಅವರು ಒಂದು ದಿನ ಇಲ್ಲಿದ್ದರೆ ಮರುದಿನ ಅಲ್ಲಿ. ರೋಗ ಗುರುತಿಸಿ ಔಷಧ ಬರೆಯುವುದು ಅವರ ಕೆಲಸ. ಅಳತೆ ನೋಡಿ ಕೊಡುವುದು, ಸೂಜಿ ಚುಚ್ಚುವುದು, ಬಾಟಲಿಯ ಅವಧಿ ಮುಗಿದಿದೆಯೇ ಎಂದು ನೋಡುವುದು, ಲಸಿಕೆಯ ಫ್ರಿಜ್ಜಿನಲ್ಲಿ ಯಾರೂ ಊಟದ ಡಬ್ಬಿ ಇಡದಂತೆ ಕಾಯುವುದು ನನ್ನ ಕೆಲಸ. ಊರವರು ಮಾತ್ರ ಈ ವ್ಯತ್ಯಾಸಕ್ಕೆ ಬೆಲೆ ಕೊಡುವುದಿಲ್ಲ. ಕೈಯಲ್ಲಿ ಸಿರಿಂಜ್ ಇದ್ದವನು ಡಾಕ್ಟರು. ನಾನು ದಿನಚರಿ ಬರೆಯುವವನು. ಯಾವ ತಾರೀಖಿಗೆ ಯಾವ ಊರಿಗೆ ಹೋದೆ, ಎಷ್ಟು ದನ ನೋಡಿದೆ ಎಂದು ಗೆರೆ ಎಳೆದು ಬರೆಯುತ್ತೇನೆ. ಒಂದು ತಿಂಗಳು ನನ್ನನ್ನು ಡಾಕ್ಟರು ಎಂದವರ ಲೆಕ್ಕವನ್ನೂ ಇಟ್ಟಿದ್ದೆ. ಅಲ್ಲ ಎಂದು ತಿದ್ದಿದ್ದು ಎಷ್ಟು ಸಲ ಎಂಬ ಕಾಲಂ ಬಹಳ ಖಾಲಿ ಉಳಿದದ್ದರಿಂದ ಆ ಲೆಕ್ಕ ಕೈಬಿಟ್ಟೆ.

ಔಷಧದ ವಿಷಯದಲ್ಲಿ ನಮ್ಮ ಕಡೆಯವರ ನಂಬಿಕೆಗಳೇ ಬೇರೆ. ಮಾತ್ರೆ ಎಂದರೆ ಯಾರಿಗೂ ಲಕ್ಷ್ಯವಿಲ್ಲ. ಅಷ್ಟು ದೊಡ್ಡ ಎಮ್ಮೆಗೆ ಇಷ್ಟು ಸಣ್ಣ ಗುಳಿಗೆಯೇ ಎಂದು ಅಂಗೈಯಲ್ಲಿ ಹೊರಳಿಸಿ ನೋಡಿ, ಸರ್ಕಾರಕ್ಕೆ ತಮ್ಮ ಎಮ್ಮೆಯ ಮೇಲೆ ಮರ್ಯಾದೆ ಇಲ್ಲ ಎಂಬ ಮುಖ ಮಾಡುತ್ತಾರೆ. ಸೂಜಿಯೇ ಆಗಬೇಕು, ಅದೂ ದಪ್ಪನೆಯದು, ಒಳಗಿನ ಔಷಧಕ್ಕೆ ಬಣ್ಣವಿದ್ದರೆ ಇನ್ನೂ ಚಲೋ. ಔಷಧದ ಅಳತೆ ದನದ ತೂಕದ ಮೇಲೆ ನಿಂತಿರುತ್ತದೆ. ತೂಕ ಎಷ್ಟಿರಬಹುದು ಎಂದು ಮಾಲೀಕರನ್ನು ಕೇಳುವ ತಪ್ಪನ್ನು ನಾನು ಮೊದಲ ವಾರ ಮಾತ್ರ ಮಾಡಿದೆ. ಎಲುಬು ಎಣಿಸುವಂತಿದ್ದ ಎತ್ತಿಗೂ ಆನೆಯ ತೂಕ ಹೇಳಿದರು. ತಮ್ಮ ಮನೆಯ ದನ ಹಗುರ ಎಂದು ಒಪ್ಪಿಕೊಳ್ಳುವುದು ಮನೆತನಕ್ಕೆ ಕಡಿಮೆ. ಈಗ ನಾನು ಏನೂ ಕೇಳದೆ ಎದೆಯ ಸುತ್ತ ಟೇಪು ಹಾಕಿ ತೂಕ ಅಂದಾಜು ಮಾಡುತ್ತೇನೆ. ನೋವಿಗೆ ಕೊಡುತ್ತಿದ್ದ ಒಂದು ಹಳೆಯ ಔಷಧವನ್ನು ಕೇಳಿಕೊಂಡು ಈಗಲೂ ಬರುವವರಿದ್ದಾರೆ. ಅದನ್ನು ದನಗಳಿಗೆ ಕೊಡಬಾರದೆಂದು ಸರ್ಕಾರ ನಿಷೇಧಿಸಿದೆ, ಅದನ್ನು ಕೊಟ್ಟ ದನ ಸತ್ತರೆ ತಿಂದ ರಣಹದ್ದೂ ಸಾಯುತ್ತದೆ ಎಂದು ಒಬ್ಬ ಹಿರಿಯರಿಗೆ ವಿವರಿಸಿದೆ. ಅವರು ಆಕಾಶದ ಕಡೆ ನೋಡಿ, ರಣಹದ್ದು ನೋಡಿ ಯಾವ ಕಾಲ ಆತೋ, ಇಲ್ಲದ ಹದ್ದಿಗೆ ಯಾಕಿಷ್ಟು ಕಾಳಜಿ ಎಂದು ಕೇಳಿದರು. ಇಲ್ಲದಂತಾದದ್ದೇ ಅದರಿಂದ ಎಂದೆ. ಅವರು ಇನ್ನೊಮ್ಮೆ ಆಕಾಶ ನೋಡಿ, ಎದ್ದು, ಬೇರೆ ಯಾವುದಾದರೂ ಕೊಡು ಎಂದರು. ನಮ್ಮ ಕೆಲಸದಲ್ಲಿ ಹೇಳುವುದಕ್ಕೆ ಇಷ್ಟಾದರೂ ಫಲ ಸಿಕ್ಕರೆ ಅದೇ ದೊಡ್ಡದು.

ಇನ್ನು ಬಸಲಿಂಗಮ್ಮನ ವಿಷಯ. ನಮ್ಮ ಓಣಿಯ ಕೊನೆಯ ಮನೆ ಆಕೆಯದು. ಎರಡು ಎಮ್ಮೆ, ಒಂದು ಬತ್ತಿದ್ದು, ಒಂದು ಹಾಲು ಕೊಡುವುದು. ಹಾಲು ಕೊಡುವ ಆ ಒಂದೇ ಎಮ್ಮೆಯ ಮೇಲೆ ಆಕೆಯ ಸಂಸಾರ ನಿಂತಿದೆ. ಓಣಿಯ ಮನೆಗಳಿಗೆಲ್ಲ ತಿಂಗಳ ಲೆಕ್ಕದಲ್ಲಿ ಹಾಲು ಹಾಕುತ್ತಾಳೆ. ಆಕೆಯ ಹಾಲಿಗೆ ನೀರು ಬಿದ್ದದ್ದನ್ನು ಯಾರೂ ಕಂಡಿಲ್ಲ. ಇದಕ್ಕಾಗಿ ಆಕೆಗೆ ಊರಲ್ಲಿ ಒಂದು ಹೆಸರಿದೆ, ಆ ಹೆಸರೇ ಆಕೆಯ ಬಂಡವಾಳ. ನನ್ನನ್ನು ಎಮ್ಮೆಯ ಕೆಲಸವಿದ್ದಾಗ ಡಾಕ್ಟ್ರ ಎಂದೂ ಇಲ್ಲದಾಗ ತಮ್ಮಾ ಎಂದೂ ಕರೆಯುತ್ತಾಳೆ. ನಾನು ಅತ್ತಿ ಎನ್ನುತ್ತೇನೆ. ಒಂದು ಮಂಗಳವಾರ ಬೆಳಿಗ್ಗೆ ಬಂದು ಡಾಕ್ಟ್ರ ಎಂದಳು. ಎಮ್ಮೆಯ ಕೆಚ್ಚಲಿನ ಒಂದು ಭಾಗ ಬಾತು ಬಿಸಿಯಾಗಿತ್ತು, ಆ ಮೊಲೆಯಲ್ಲಿ ಹಾಲು ಒಡೆದು ಬರುತ್ತಿತ್ತು. ಅಂದು ನಮ್ಮ ಡಾಕ್ಟರು ಊರಲ್ಲೇ ಇದ್ದರು. ನೋಡಿ ಕೆಚ್ಚಲು ಬಾವು ಎಂದರು, ಪೆನ್ಸಿಲಿನ್ ಜಾತಿಯ ಸೂಜಿ ಮೂರು ದಿನ ಬರೆದುಕೊಟ್ಟು, ಹಾಲಿನ ಬಗ್ಗೆ ತಿಳಿಸಿ ಹೇಳು ಎಂದು ನನಗೆ ಒಪ್ಪಿಸಿ ವಡಗೇರಾದ ಬಸ್ಸು ಹತ್ತಿದರು.

ಹಾಲಿನ ಬಗ್ಗೆ ಹೇಳಬೇಕಾದದ್ದು ಇಷ್ಟೇ. ಎಮ್ಮೆಗೆ ಕೊಟ್ಟ ಔಷಧ ರಕ್ತದಲ್ಲಿ ಸುತ್ತಿ ಹಾಲಿಗೂ ಬರುತ್ತದೆ. ಸೂಜಿ ನಿಂತ ಮೇಲೂ ಅದು ಪೂರ್ತಿ ಹೊರಗೆ ಹೋಗಲು ಕೆಲವು ದಿನ ಬೇಕು. ಆ ದಿನಗಳು ಎಷ್ಟೆಂದು ಬಾಟಲಿಯ ಲೇಬಲ್ಲಿನ ಮೇಲೆ ಬರೆದಿರುತ್ತದೆ. ಈ ಬಾಟಲಿಯ ಮೇಲೆ ಮೂರು ದಿನ ಎಂದಿತ್ತು. ಅಲ್ಲಿಯವರೆಗೆ ಆ ಹಾಲು ಮನುಷ್ಯರ ಹೊಟ್ಟೆಗೆ ಹೋಗಬಾರದು. ಕಾಯಿಸಿದರೂ ಔಷಧ ಹೋಗುವುದಿಲ್ಲ. ಇದನ್ನೆಲ್ಲ ಡಿಪ್ಲೊಮಾದಲ್ಲಿ ಒಂದು ಪೂರ್ತಿ ಪುಟ ಉತ್ತರ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಬಸಲಿಂಗಮ್ಮನ ಹಟ್ಟಿಯಲ್ಲಿ ನಿಂತು, ಸೂಜಿ ಚುಚ್ಚಿ, ಕೈ ತೊಳೆಯುತ್ತ, ಆ ಒಂದು ಪುಟವನ್ನು ನಾಲ್ಕು ಶಬ್ದಕ್ಕೆ ಇಳಿಸಿದೆ. ಸೋಮವಾರದತನಕ ಹಾಲು ಮಾರಬ್ಯಾಡ್ರಿ ಅತ್ತಿ ಎಂದೆ. ಹೂಂನ್ರಿ ಡಾಕ್ಟ್ರ ಎಂದಳು. ಯಾಕೆ ಎಂದೂ ಕೇಳಲಿಲ್ಲ. ಬುಧವಾರ ಎರಡನೆಯ ಸೂಜಿಗೆ ಹೋದಾಗ, ಮಾರಿಲ್ಲ ಹೌದಲ್ಲ ಎಂದು ವಿಚಾರಿಸಿದೆ. ಒಂದು ಹನಿನೂ ಮಾರಿಲ್ಲ ಎಂದು ಎಮ್ಮೆಯ ಬೆನ್ನು ಮುಟ್ಟಿ ಹೇಳಿದಳು. ಆ ದಿನ ದಿನಚರಿಯಲ್ಲಿ, ಸರಿಯಾಗಿ ತಿಳಿಹೇಳಿದರೆ ರೈತರು ಖಂಡಿತ ಪಾಲಿಸುತ್ತಾರೆ ಎಂದು ಬರೆದು ಕೆಳಗೆ ಗೆರೆ ಎಳೆದೆ.

ಅದೇ ಬುಧವಾರ ನಮ್ಮ ಮನೆಯಲ್ಲಿ ಮೊಸರು ಹೆಪ್ಪಾಗಿರಲಿಲ್ಲ. ನಮ್ಮ ಮನೆಯಲ್ಲಿ ಅವ್ವ, ಶಹಾಪುರದ ಹತ್ತಿ ಮಿಲ್ಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಅಣ್ಣ, ಅವನ ಹೆಂಡತಿ, ಅಂದರೆ ನನ್ನ ವೈನಿ, ಮತ್ತು ನಾನು. ಮೊಸರಿಲ್ಲದೆ ರೊಟ್ಟಿ ಇಳಿಯದ ಮನೆ. ಹಿಂದಿನ ದಿನ ಸಂಜೆ ವೈನಿ ಹೆಪ್ಪು ಹಾಕಿದ ಹಾಲು ಬೆಳಿಗ್ಗೆ ಹಾಗೆಯೇ ತೆಳ್ಳಗೆ ಕೂತಿತ್ತು. ಹಾಲು ಬಿಸಿ ಇದ್ದಾಗಲೇ ಹೆಪ್ಪು ಹಾಕಿ ಅದನ್ನು ಸಾಯಿಸಿದ್ದಾಳೆ ಎಂಬುದು ಅವ್ವನ ವಾದ. ಅವ್ವ ಪಾತ್ರೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಸರಿಯಾಗಿ ತೊಳೆಯಲಿಲ್ಲ ಎಂಬುದು ವೈನಿಯ ವಾದ. ಗುರುವಾರ ಬೆಳಿಗ್ಗೆ ಮತ್ತೆ ಅದೇ ಕತೆ. ಈ ಸಲ ಅವ್ವ ತಾನೇ ಪಾತ್ರೆ ತೊಳೆದು, ತಾನೇ ಹೆಪ್ಪು ಹಾಕಿ, ತಾನೇ ಮುಚ್ಚಿಟ್ಟಿದ್ದಳು. ಆದ್ದರಿಂದ ವೈನಿ ಆ ಪಾತ್ರೆಯನ್ನು ತಂದು ಎಲ್ಲರ ನಡುವೆ ಇಟ್ಟಳು. ಅಣ್ಣ ಬಸ್ಸಿಗೆ ತಡವಾಯಿತೆಂದು ಎದ್ದುಹೋದ. ನಾನು ನ್ಯಾಯಾಧೀಶನಂತೆ ಪಾತ್ರೆಯನ್ನು ಅಲುಗಾಡಿಸಿ ನೋಡಿದೆ. ಹೆಪ್ಪು ಎಂದರೆ ಜೀವಾಣುಗಳು, ಅವು ಬೆಳೆದರೆ ಮೊಸರು, ಅವು ಸತ್ತರೆ ಹಾಲು ಹಾಲಾಗಿಯೇ ಉಳಿಯುತ್ತದೆ ಎಂದು ಇಬ್ಬರಿಗೂ ಪಾಠ ಆರಂಭಿಸಿದೆ. ಜೀವಾಣುಗಳನ್ನು ಕೊಲ್ಲುವುದು ಏನು ಎಂಬ ವಾಕ್ಯದ ಅರ್ಧಕ್ಕೆ ಬಂದಾಗ ನನ್ನ ಬಾಯಿ ನಿಂತಿತು.

ಈ ಹಾಲು ಎಲ್ಲಿಂದ ಬಂತು ಎಂದು ಕೇಳಿದೆ. ಎಂದಿನಂತೆ ಬಸಲಿಂಗಮ್ಮನ ಮನೆಯದೇ ಎಂದಳು ಅವ್ವ. ಎರಡು ದಿನದಿಂದ ಚಹಾ ಎಂದಿನಂತೆ ಬರುತ್ತಿದ್ದರೂ, ಆಕೆ ಮಾರುತ್ತಿಲ್ಲವಾದ್ದರಿಂದ ಪಾಕೀಟಿನ ಹಾಲಿರಬೇಕು ಎಂದು ನಾನು ಭಾವಿಸಿದ್ದೆ. ಆಕೆ ಹಾಲು ಮಾರಬಾರದು ಎಂದು ಹೇಳಿ ಬಂದಿದ್ದೆನಲ್ಲ ಎಂದೆ. ಮಾರಿದವರು ಯಾರು, ಈ ವಾರ ಓಣಿಗೆಲ್ಲ ಪುಕ್ಕಟೆ ಎಂದಳು ಅವ್ವ, ಆಕೆಯ ದೊಡ್ಡ ಮನಸ್ಸನ್ನು ಹೊಗಳುವ ದನಿಯಲ್ಲಿ. ನಾನು ವೈನಿಯ ಮುಖ ನೋಡಿದೆ. ಮದುವೆಯಾದ ಹೊಸತರಲ್ಲಿ ಗಂಟಲು ನೋವಿಗೆಂದು ಇದೇ ಜಾತಿಯ ಸೂಜಿ ಮಾಡಿಸಿಕೊಂಡು ಆಕೆಯ ಮುಖವೆಲ್ಲ ಬಾತು, ಇನ್ನು ಮುಂದೆ ಈ ಔಷಧ ಕೊಡಬಾರದೆಂದು ಆಸ್ಪತ್ರೆಯವರು ಕೆಂಪು ಮಸಿಯಲ್ಲಿ ಬರೆದುಕೊಟ್ಟಿದ್ದರು. ಆಕೆ ಎರಡು ದಿನದಿಂದ ಆ ಹಾಲಿನ ಚಹಾ ಕುಡಿದಿದ್ದಳು. ತುಟಿ ದಪ್ಪಗಾಗಿದೆಯೇ, ಕಣ್ಣಿನ ಕೆಳಗೆ ಬಾವು ಇದೆಯೇ ಎಂದು ನಾನು ಬಗ್ಗಿ ಬಗ್ಗಿ ನೋಡತೊಡಗಿದೆ.

"ಯಾಕ ಹಂಗ ನೋಡಾಕತ್ತೀದಿ? ನಾ ಏನ್ ಎಮ್ಮಿ ಏನು?" ಎಂದಳು ವೈನಿ.

ಆಕೆಗೆ ಏನೂ ಆಗಿರಲಿಲ್ಲ. ದೇವರು ದೊಡ್ಡವನು, ಚಹಾದಲ್ಲಿ ಹಾಲು ಕಡಿಮೆ. ಆದರೆ ನಾನು ಚಪ್ಪಲಿ ಮೆಟ್ಟಿಕೊಂಡು ಓಣಿಯ ಕೊನೆಗೆ ಓಡಿದೆ. ಬಸಲಿಂಗಮ್ಮ ಹಟ್ಟಿಯಲ್ಲಿ ಕಸ ಬಳಿಯುತ್ತಿದ್ದಳು. ಎಮ್ಮೆಯ ಬಾವು ಇಳಿದಿತ್ತು, ಮುಖದಲ್ಲಿ ಸಂತೋಷವಿತ್ತು. ಹಾಲು ಓಣಿಗೆಲ್ಲ ಕೊಟ್ಟಿರೇನು ಎಂದೆ.

"ಹೌದ್ರಿ. ಮಾರಬ್ಯಾಡ ಅಂದ್ರಿ, ಮಾರಿಲ್ಲ. ಚರಗಿ ತಗೊಂಡು ಬಂದವ್ರಿಗೆಲ್ಲ ಹಾಕಿ ಕೊಟ್ಟೀನಿ. ಅಮಾಸಿ ದಿನ ಕೊಡಂಗಿಲ್ಲೇನು, ಹಂಗ."

ಇಲ್ಲಿ ನಾನು ತಲೆ ತಗ್ಗಿಸಬೇಕಾಯಿತು. ಅಮಾವಾಸ್ಯೆಯ ದಿನ ಆಕೆ ಹಾಲು ಮಾರುವುದಿಲ್ಲ. ಆಕೆಯ ತಾಯಿಯೂ ಮಾರಿದವಳಲ್ಲ. ದೇವರಿಗೆ ತೆಗೆದಿಟ್ಟು ಉಳಿದದ್ದನ್ನು ಕೇಳಿ ಬಂದವರಿಗೆಲ್ಲ ಹಂಚುತ್ತಾಳೆ. ಪ್ರತಿ ಅಮಾವಾಸ್ಯೆಗೆ ನಮ್ಮ ಮನೆಯ ಚರಗಿಯನ್ನು ಹಿಡಿದು ಹೋಗಿ ನಿಲ್ಲುತ್ತಿದ್ದವನು ನಾನೇ. ಹಾಲು ಮಾರಬಾರದು ಎಂದರೆ ಆಕೆಯ ಬದುಕಿನಲ್ಲಿ ಒಂದೇ ಅರ್ಥ, ಹಂಚಬೇಕು ಎಂದು. ಸೋಮವಾರದತನಕ ದಿನಾ ಅಮಾವಾಸ್ಯೆ ಮಾಡಲು ಡಾಕ್ಟರು ಹೇಳಿದ್ದಾರೆ, ಎಮ್ಮೆಯ ಬಾವು ಇಳಿಯಲು ಇದೂ ಒಂದು ಪಥ್ಯವಿರಬೇಕು ಎಂದುಕೊಂಡು ತನ್ನ ಗಳಿಕೆಯನ್ನು ಬಿಟ್ಟು ಊರಿಗೆಲ್ಲ ಔಷಧ ಹಂಚಿದ್ದಳು. ನನ್ನ ಒಂದು ಪುಟದ ಉತ್ತರದಲ್ಲಿ ಅಮಾವಾಸ್ಯೆಯ ಪ್ರಸ್ತಾಪವೇ ಇರಲಿಲ್ಲ.

ಎಲ್ಲವನ್ನೂ ಮೊದಲಿಂದ ಹೇಳಿದೆ. ಈ ಸಲ ಪೂರ್ತಿ ಪುಟ. ಕೇಳುತ್ತ ಆಕೆ ಪೊರಕೆಯನ್ನು ಗೋಡೆಗೆ ಆನಿಸಿ ಕೆಳಗೆ ಕೂತಳು. ಮೂರನೆಯ ಸೂಜಿ ಚುಚ್ಚಿ ಹೊರಗೆ ಬಂದು ಡಾಕ್ಟರಿಗೆ ಫೋನು ಹಚ್ಚಿದೆ. ಹಾಲು ಕುಡಿದವರಲ್ಲಿ ಯಾರಿಗಾದರೂ ಮೈಮೇಲೆ ದದ್ದು ಎದ್ದಿದ್ದರೆ ಆಸ್ಪತ್ರೆಗೆ ಕಳಿಸು, ಉಳಿದವರಿಗೆ ಗಾಬರಿಪಡಿಸದೆ ತಿಳಿಸು ಎಂದರು. ಗಾಬರಿಪಡಿಸದೆ ತಿಳಿಸುವುದು ಹೇಗೆ ಎಂದು ಕೇಳುವಷ್ಟರಲ್ಲಿ ಅವರ ಕಡೆ ಯಾವುದೋ ಆಕಳು ಕೂಗಿ ಲೈನು ಕಟ್ಟಾಯಿತು. ನಮ್ಮ ಮನೆಯಲ್ಲಿ ಯಾರ ಮೈಗೆ ಯಾವ ಔಷಧ ಆಗದು ಎಂದು ನನಗೆ ಗೊತ್ತು. ಉಳಿದ ಮನೆಗಳ ಮೈ ಹೇಗೋ ಗೊತ್ತಿಲ್ಲ. ಆದ್ದರಿಂದ ಸುಮ್ಮನಿರುವಂತಿಲ್ಲ. ಆದರೆ ಬಸಲಿಂಗಮ್ಮನ ಹಾಲಿನಲ್ಲಿ ಔಷಧವಿದೆ ಎಂದು ಮನೆಮನೆಗೆ ಹೇಳಿದರೆ ಆಮೇಲೆ ಆಕೆಯ ಹಾಲನ್ನು ಯಾರು ಕೊಳ್ಳುತ್ತಾರೆ? ಎಮ್ಮೆ ಎರಡು ದಿನದಲ್ಲಿ ವಾಸಿಯಾಗುತ್ತದೆ. ಹೆಸರಿಗೆ ಬಾವು ಬಂದರೆ ಅದಕ್ಕೆ ನಮ್ಮ ಆಸ್ಪತ್ರೆಯ ಕಪಾಟಿನಲ್ಲಿ ಔಷಧವಿಲ್ಲ.

ತಪ್ಪು ನನ್ನದು, ನಾನೇ ಹೋಗಿ ಹೇಳುತ್ತೇನೆ ಎಂದೆ. ಆಕೆ ಒಪ್ಪಲಿಲ್ಲ. ಸರ್ಕಾರದವರು ಬಾಗಿಲಿಗೆ ಬಂದರೆ ಇಲ್ಲದ ರೋಗವನ್ನೂ ಜನ ಎಮ್ಮೆಗೆ ಹಚ್ಚುತ್ತಾರಂತೆ. ಕೊಟ್ಟವಳು ನಾನು, ಹೇಳುವವಳೂ ನಾನೇ ಎಂದು ಸೆರಗು ಸರಿಮಾಡಿಕೊಂಡು ಹೊರಟಳು. ನಾನು ನಾಲ್ಕು ಹೆಜ್ಜೆ ಹಿಂದೆ, ಅಗತ್ಯ ಬಿದ್ದರೆ ವಿವರಿಸಲು. ಒಂದು ಮನೆಯವರು ಕಾಯಿಸಿ ಕುಡಿದೀವಿ, ಏನಾಗಂಗಿಲ್ಲ ಬಿಡು ಎಂದರು. ಕಾಯಿಸಿದರೆ ಹೋಗುವುದಿಲ್ಲ ಎಂದು ಹಿಂದಿನಿಂದ ಹೇಳಿದೆ, ಅವರ ಮುಖ ಬಿತ್ತು. ಇನ್ನೊಂದು ಮನೆಯವರು ನಮ್ಮ ಮೊಸರೂ ಹೆಪ್ಪಾಗಿಲ್ಲ, ಅದಕ್ಕೇನು ಎಂದರು. ಇಬ್ಬರು ಮೂವರು ಗಟ್ಟಿಯಾಗಿ ಏನೂ ಅನ್ನಲಿಲ್ಲ, ನಾಳೆಯಿಂದ ಪಾಕೀಟಿನ ಹಾಲು ತರಿಸುತ್ತೇವೆ ಎಂದು ಮೆತ್ತಗೆ ಹೇಳಿದರು. ಗಟ್ಟಿಯಾಗಿ ಬೈದಿದ್ದರೆ ಆಕೆಗೆ ಅಷ್ಟು ನೋವಾಗುತ್ತಿರಲಿಲ್ಲ. ಯಾರ ಮೈಯಲ್ಲೂ ದದ್ದು ಇರಲಿಲ್ಲ ಎಂಬುದೊಂದೇ ಆ ಬೆಳಗಿನ ಒಳ್ಳೆಯ ಸುದ್ದಿ. ಕಟ್ಟೆಯ ಮೇಲಿನ ಸಾಬಣ್ಣ ತಾತ ಮಾತ್ರ ಎಲ್ಲವನ್ನೂ ಗಮನವಿಟ್ಟು ಕೇಳಿ, ಅಂದರೆ ಆ ಹಾಲು ಕುಡಿದರೆ ಸೂಜಿ ಮಾಡಿಸಿಕೊಂಡ ಹಾಗೆಯೇ ಅಲ್ಲವೇ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ತನ್ನ ಮೊಣಕಾಲಿಗೆ ಚುಚ್ಚಿಸಿಕೊಳ್ಳಲು ಅಂಜಿಕೆ, ಸೋಮವಾರದತನಕ ತನಗೊಂದು ಲೋಟ ಹಾಲು ಇಡಬೇಕು ಎಂದು ಬಸಲಿಂಗಮ್ಮನಿಗೆ ಹೇಳಿದ. ಮೊಣಕಾಲು ನೋವಿಗೂ ಈ ಔಷಧಕ್ಕೂ ಸಂಬಂಧವಿಲ್ಲ, ಬೇಡದವರ ಹೊಟ್ಟೆಗೆ ಹೀಗೆ ದಿನಾ ಸ್ವಲ್ಪ ಸ್ವಲ್ಪ ಹೋದರೆ ಮುಂದೆ ನಿಜವಾದ ಕಾಯಿಲೆಗೆ ಇದೇ ಔಷಧ ನಾಟದೆ ಹೋಗಬಹುದು ಎಂದು ನಾನು ವಿವರಿಸಿದೆ. ನನ್ನನ್ನು ಆತ ಜಿಪುಣನನ್ನು ನೋಡುವಂತೆ ನೋಡಿದ.

ಸಂಜೆ ಹಾಲು ಕರೆಯುವ ಹೊತ್ತಿಗೆ ನಿಜವಾದ ತೊಡಕು ಬಂತು. ಮಾರಬಾರದು, ಕೊಡಬಾರದು, ಕರುವಿಗೆ ಕುಡಿಸಬಾರದು, ದೇವರಿಗೆ ಇಟ್ಟು ತೀರ್ಥವೆಂದು ಹಂಚಬಾರದು. ಹಾಗಾದರೆ ಏನು ಮಾಡಬೇಕು? ಕೆಚ್ಚಲು ಖಾಲಿ ಮಾಡದಿದ್ದರೆ ಬಾವು ಮತ್ತೆ ಏರುತ್ತದೆ. ತಿಪ್ಪೆಯ ಪಕ್ಕ ಗುಂಡಿ ತೆಗೆದು ಚೆಲ್ಲಬೇಕು ಎಂದೆ. ಬಸಲಿಂಗಮ್ಮ ನೊರೆ ತುಂಬಿದ ಪಾತ್ರೆಯನ್ನು ಎದೆಗೆ ಆನಿಸಿಕೊಂಡು ನಿಂತಳು.

"ನನ್ನ ಕೈಲಿ ಆಗಂಗಿಲ್ಲ. ನೀ ಹೇಳೀದಿ, ನೀನಾ ಚೆಲ್ಲು ತಮ್ಮಾ."

ಪಾತ್ರೆಯನ್ನು ಕೈಗೆ ತೆಗೆದುಕೊಂಡೆ. ಬೆಚ್ಚಗಿತ್ತು. ಚೆಲ್ಲಬೇಕು ಎಂಬ ಶಬ್ದವನ್ನು ಪರೀಕ್ಷೆಯಲ್ಲಿ ಬರೆಯುವಾಗ ಅದು ಬೆಚ್ಚಗಿರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಹಾಲು ಒಲೆಯ ಮೇಲೆ ಉಕ್ಕಿದರೂ ಅವ್ವ ಕೈಮುಗಿಯುತ್ತಾಳೆ. ಗುಂಡಿಯ ಮುಂದೆ ನಿಂತಾಗ ಕಾಲಲ್ಲಿ ಚಪ್ಪಲಿ ಇರುವುದು ನೆನಪಾಗಿ ಬಿಚ್ಚಿದೆ. ಯಾಕೆಂದು ನನಗೂ ಗೊತ್ತಿಲ್ಲ, ಯಾವ ನಿಯಮದಲ್ಲೂ ಇಲ್ಲ. ಬಗ್ಗಿಸಿದೆ. ಕಪ್ಪು ಮಣ್ಣಿನಲ್ಲಿ ಹಾಲು ಒಂದು ಕ್ಷಣ ನಿಂತು ಆಮೇಲೆ ಇಳಿಯಿತು. ಬಸಲಿಂಗಮ್ಮ ಆ ಕಡೆ ಮುಖ ತಿರುಗಿಸಿದ್ದಳು. ಎಮ್ಮೆ ಮಾತ್ರ ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು.

ಮುಂದಿನ ದಿನಗಳಲ್ಲಿ ಎರಡು ಹೊತ್ತೂ ಹೋಗಿ ಚೆಲ್ಲಿದೆ. ತಿಪ್ಪೆ ಓಣಿಗೆ ಕಾಣುವಂತಿತ್ತು. ಮೊದಲ ದಿನ ಒಬ್ಬಿಬ್ಬರು ಗೋಡೆಯ ಮೇಲಿನಿಂದ ಇಣುಕಿದರು, ಮರುದಿನ ನೀರು ತರುವ ಹೆಂಗಸರು ಕೊಡ ಇಳಿಸಿ ನಿಂತರು. ಪಾಪ ಕಟ್ಟಿಕೊಳ್ಳುತ್ತಿದ್ದಾನೆ ಎಂದವರಿದ್ದರು. ಪಗಾರ ತೆಗೆದುಕೊಂಡು ಹಾಲು ಚೆಲ್ಲುವ ನೌಕರಿ ಇದೆಯೆಂದು ಹೆಣ್ಣು ಕೊಡುವವರ ಮುಂದೆ ಹೇಳಬೇಡ ಎಂದು ಅವ್ವ ಎಚ್ಚರಿಸಿದಳು. ಆದರೆ ಭಾನುವಾರದ ಹೊತ್ತಿಗೆ ಗೋಡೆಯ ಆಚೆ ಇನ್ನೊಂದು ಮಾತೂ ಕೇಳತೊಡಗಿತು. ಇಷ್ಟು ಹಾಲು ಮಣ್ಣಿಗೆ ಹೋಗುವುದನ್ನು ನೋಡಿ ಸಹಿಸುವವಳು ಹಾಲಿಗೆ ನೀರು ಯಾಕೆ ಹಾಕುತ್ತಾಳೆ ಎಂದು ಒಬ್ಬಾಕೆ ಅಂದಳು. ಪಾಕೀಟಿನ ಹಾಲು ಕೊಡುವ ಎಮ್ಮೆಗೆ ಯಾವ ಸೂಜಿ ಮಾಡಿದ್ದಾರೋ ನಾವು ಕಂಡೇವೇನು ಎಂದು ಇನ್ನೊಬ್ಬಾಕೆ. ಬಸಲಿಂಗಮ್ಮ ಕೇಳದವಳಂತೆ ಹುಲ್ಲು ಹಾಕುತ್ತಿದ್ದಳು. ಆದರೂ ಯಾರೂ ನಾಳೆಯಿಂದ ಹಾಲು ಬೇಕು ಎನ್ನಲಿಲ್ಲ. ಬೇರೆಯವರು ಮೊದಲು ಕೇಳಲಿ ಎಂದು ಎಲ್ಲರೂ ಕಾಯುತ್ತಿದ್ದಂತಿತ್ತು.

ಸೋಮವಾರ ಬೆಳಿಗ್ಗೆ ಎಮ್ಮೆಯ ಕೆಚ್ಚಲು ಮೆತ್ತಗೆ ಹತ್ತಿಯಂತಿತ್ತು, ಹಾಲು ಬೆಳ್ಳಗೆ ನೀಟಾಗಿ ಬಂತು. ಇಂದಿನಿಂದ ಅಡ್ಡಿಯಿಲ್ಲ ಎಂದು ಗಟ್ಟಿಯಾಗಿಯೇ ಹೇಳಿದೆ, ಗೋಡೆಯ ಆಚೆಗೂ ಕೇಳಲಿ ಎಂದು. ಚರಗಿ ಹಿಡಿದು ನಾಲ್ಕೈದು ಮಂದಿ ಬಾಗಿಲ ಬಳಿ ನಿಂತಿದ್ದರು, ಯಾರ ಚರಗಿಯೂ ಮುಂದೆ ಬರಲಿಲ್ಲ. ಬಸಲಿಂಗಮ್ಮ ಒಳಗೆ ಹೋಗಿ, ಹಾಲು ಕಾಯಿಸಿ, ಒಂದು ಲೋಟ ತುಂಬಿ ತಂದು ಎಲ್ಲರ ಮುಂದೆ ನನ್ನ ಕೈಗೆ ಕೊಟ್ಟಳು. ಆಕೆಯ ಹೆಸರು ಪೂರ್ತಿ ಆ ಲೋಟದಲ್ಲಿತ್ತು.

ಈಗ ನಿಜ ಹೇಳಿಬಿಡುತ್ತೇನೆ. ಲೋಟ ತುಟಿಯ ಹತ್ತಿರ ಬಂದಾಗ ನನ್ನ ಕೈ ನಿಂತಿತು. ಕೊನೆಯ ಸೂಜಿ ಗುರುವಾರವೇ ಅಲ್ಲವೇ, ಲೇಬಲ್ಲಿನಲ್ಲಿ ಮೂರು ಎಂದಿತ್ತೋ ನಾಲ್ಕು ಎಂದಿತ್ತೋ, ಟೇಪಿನ ಅಳತೆ ಸರಿಯಿತ್ತೋ, ಇದು ನನಗೂ ಆಗದ ಔಷಧವಾಗಿದ್ದರೆ ಎಂದು ಒಂದು ಉಸಿರಿನಲ್ಲಿ ಎಲ್ಲ ಲೆಕ್ಕವೂ ತಲೆಯಲ್ಲಿ ಓಡಿತು. ವಾರವಿಡೀ ಊರಿಗೆ ಹಂಚಿದ ಅಂಜಿಕೆಯಲ್ಲಿ ನನ್ನ ಪಾಲು ಉಳಿದಿತ್ತು. ನಾನು ನಿಂತದ್ದನ್ನು ಎಲ್ಲರೂ ಕಂಡರು. ಬಸಲಿಂಗಮ್ಮ ಎಲ್ಲರಿಗಿಂತ ಮೊದಲು ಕಂಡಳು. ಆಕೆಯ ಕಣ್ಣು ನೋಡಿದ ಮೇಲೆ ನಿಲ್ಲುವ ಧೈರ್ಯವಾಗಲಿಲ್ಲ, ಒಂದೇ ಗುಟುಕಿಗೆ ಎತ್ತಿಬಿಟ್ಟೆ. ಹಾಲು ಕುದಿಯುವಷ್ಟು ಬಿಸಿ. ನಾಲಗೆ ಸುಟ್ಟು, ಕಣ್ಣಲ್ಲಿ ನೀರು ಬಂದು, ಮಾತೇ ಹೊರಡದಾಯಿತು. ಹೆಂಗದ ಎಂದು ಸಾಬಣ್ಣ ತಾತ ಹಿಂದಿನಿಂದ ಕೇಳಿದ. ಉತ್ತರ ಕೊಡಲಾರದೆ ಖಾಲಿ ಲೋಟವನ್ನು ಬಸಲಿಂಗಮ್ಮನ ಕಡೆ ಚಾಚಿದೆ. ತೊಳೆದಿಡಲಿ ಎಂದು ನಾನು ಚಾಚಿದ್ದು. ಇನ್ನೊಂದು ಲೋಟ ಕೇಳುತ್ತಿದ್ದಾನೆ ಎಂದು ಎಲ್ಲರೂ ತಿಳಿದುಕೊಂಡರು. ಆಕೆ ತುಂಬಿದಳು, ಕುಡಿದೆ. ಕಾಲು ಗಂಟೆ ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ನಾನೂ ಒಳಗಿನಿಂದ ಅದನ್ನೇ ನೋಡುತ್ತಿದ್ದೆ. ಆಮೇಲೆ ಒಂದು ಚರಗಿ ಮುಂದೆ ಬಂತು, ಅದರ ಹಿಂದೆ ಉಳಿದವೂ ಬಂದವು.

ಆ ವಾರ ನಾನು ಕೊಟ್ಟ ವಿವರಣೆಗಳಲ್ಲಿ ಜನರಿಗೆ ಯಾವುದು ತಿಳಿಯಿತೋ ಹೇಳಲಾರೆ. ನಾನು ಬೀಳದೆ ನಿಂತದ್ದು ಮಾತ್ರ ಎಲ್ಲರಿಗೂ ಚೆನ್ನಾಗಿ ತಿಳಿದಿದೆ. ಸುದ್ದಿ ಸುತ್ತಲಿನ ಹಳ್ಳಿಗಳಿಗೂ ಹೋಗಿದೆ. ಈಗ ಯಾರ ಎಮ್ಮೆಗೆ ಸೂಜಿಯಾದರೂ, ಹಾಲು ಚೆಲ್ಲುವ ದಿನಗಳು ಮುಗಿದ ಬೆಳಿಗ್ಗೆ ಮೊದಲ ಲೋಟ ಕುಡಿಯಲು ನನಗೇ ಫೋನು ಬರುತ್ತದೆ. ಬರುತ್ತೇನೆ ಎಂದು ಧೈರ್ಯವಾಗಿ ಹೇಳುತ್ತೇನೆ. ಹೇಳಿ, ಬೈಕು ಹತ್ತುವ ಮೊದಲು ಆಸ್ಪತ್ರೆಯ ಕಪಾಟು ತೆಗೆದು ಆ ಬಾಟಲಿಯ ಲೇಬಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೊಮ್ಮೆ ಓದಿಕೊಳ್ಳುತ್ತೇನೆ.